ಮಾಳಮಡ್ಡಿಯಾಗಿನ ನಮ್ಮ ಓಣಿ ಮನಿಗಳು ಭೂಕಂಪ ತಡೀತಾವೇನ್ರಿ?

ಮಾಳಮಡ್ಡಿಯಾಂವ:
ಧಾರವಾಡದಾಗ ನಮ್ಮ ಅಪಾರ್ಟ್‌ಮೆಂಟ್ 2008ರಾಗ ಕಟ್ಟಿದ್ದು. ಕೆಳಗ ಬರೇ ಕಂಬ, ಪಾರ್ಕಿಂಗ್. ಮ್ಯಾಲ ಮೂರು ಅಂತಸ್ತು. ಮಗ್ಗಲಕ್ಕ ಸೋದರಮಾವನ ಹಂಚಿನ ಮನಿ, ಕಲ್ಲು-ಮಣ್ಣಿನ ದಪ್ಪ ಗ್ವಾಡಿ. ಅಸೋಸಿಯೇಶನ್ ಮೀಟಿಂಗ್‌ನಾಗ ಭೂಕಂಪದ ಮಾತು ತಗದ್ರ ಅರ್ಧ ಮಂದಿ ನಕ್ಕರು. ಮಾವ ಅಂತಾನ, "ನಿಮ್ಮ ಕಡ್ಡಿ ಕಂಬದ್ದು ಬೀಳತೈತಿ, ನನ್ನ ಮನಿಗೆ ಏನೂ ಆಗೂದಿಲ್ಲ." ಇಂಜಿನಿಯರ್‌ನ ಕರಸೂದಕ್ಕ ಮೊದಲ ನಾವ ನೋಡಿ ತಿಳಕೊಳ್ಳೂದು ಏನರ ಐತೇನ್ರಿ?

ಗಟ್ಟಿನೆಲ:
ದಖನ್ ಪ್ರಸ್ಥಭೂಮಿ ಸಾರ್, ಕೆಳಗೆ ಬರೀ ಬಂಡೆ. ಏನೂ ಆಗಲ್ಲ, ಆರಾಮಾಗಿ ಮಲಗಿ.

ಹಳೇ ಸೈಟ್ ಇಂಜಿನಿಯರ್:
ಗಟ್ಟಿನೆಲದವರೇ, ಮಹಾರಾಷ್ಟ್ರದ ಕಿಲ್ಲಾರಿ ಇರುವುದೂ ದಖನ್ನಿನಲ್ಲೇ. 1993ರ ಸೆಪ್ಟೆಂಬರ್ 30ರಂದು ಭೂಕಂಪ ಆಗುವ ತನಕ ದೇಶದ ಭೂಕಂಪ ನಕ್ಷೆಯಲ್ಲಿ ಅದು ವಲಯ 1, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. 2002ರಲ್ಲಿ ಆ ವಲಯವನ್ನೇ ಕಿತ್ತುಹಾಕಿದರು. ಭೂಕಂಪ ತಡೆಯುವ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 1893ರ 2016ರ ಪಟ್ಟಿಯಲ್ಲಿ ಬೆಂಗಳೂರು, ಮೈಸೂರು ವಲಯ 2. ಧಾರವಾಡ, ಬೆಳಗಾವಿ, ಮಂಗಳೂರು ವಲಯ 3. ಅಂದರೆ ಕಂಪನದ ಬಲದ ಲೆಕ್ಕಕ್ಕೆ ಅದು ಹಿಡಿಯುವ ಅಂಕಿ ವಲಯ 2ರ 0.10 ಅಲ್ಲ, 0.16.

ಮಾವನವರ ಮನೆ ಮೊದಲು ನೋಡೋಣ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಇಂಥ ಗೋಡೆಗಳೇ. ಒಳಗೊಂದು ಕಲ್ಲಿನ ಮುಖ, ಹೊರಗೊಂದು, ನಡುವೆ ಮಣ್ಣು-ಜಲ್ಲಿ. ಅಲುಗಿದರೆ ಎರಡು ಮುಖಗಳೂ ಬೇರೆಯಾಗಿ ಹೊಟ್ಟೆ ಬಿಟ್ಟು ಉದುರುತ್ತವೆ. ಗಿಲಾವು ಬಿದ್ದಲ್ಲಿ ನೋಡಿ, ಗೋಡೆಯ ದಪ್ಪಕ್ಕೂ ಆರುಪಾರು ಹಾಯ್ದ ಉದ್ದಗಲ್ಲು ಇದೆಯಾ? ಮೂಲೆಯಲ್ಲಿ ಎರಡು ಗೋಡೆ ಬಿಟ್ಟುಕೊಂಡಿವೆಯಾ? ಅಲ್ಲಿನ ಮನೆಗಳ ಮೇಲೆ ದಪ್ಪ ಮಣ್ಣಿನ ಮಾಳಿಗೆಯ ಭಾರವೂ ಇತ್ತು. ಇವರದು ಹಂಚು, ಅಷ್ಟು ಹಗುರ. ಆದರೂ ಮಾವನವರ ಧೈರ್ಯ ಸ್ವಲ್ಪ ಜಾಸ್ತಿಯೇ ಆಯಿತು.

ನಿಮ್ಮ ಅಪಾರ್ಟ್‌ಮೆಂಟ್ ಬಗ್ಗೆ ನನಗೆ ಹೆಚ್ಚು ಚಿಂತೆ. 2001ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ಆಚೆ ಇದ್ದ ಅಹಮದಾಬಾದಿನಲ್ಲಿ ಬಿದ್ದವು ಬಹುಪಾಲು ಇಂಥವೇ. ಮೇಲಿನ ಅಂತಸ್ತುಗಳನ್ನು ಇಟ್ಟಿಗೆ ಗೋಡೆಗಳು ಬಿಗಿ ಹಿಡಿದಿರುತ್ತವೆ, ಓಲಾಟವೆಲ್ಲ ಕೆಳಗಿನ ಬರಿಗಂಬಗಳ ಪಾಲು. ಮಹಾರಾಷ್ಟ್ರದ ಕೊಯ್ನಾ ನಮಗೆ ಹೆಚ್ಚುಕಡಿಮೆ ಅಷ್ಟೇ ದೂರ. 1967ರಲ್ಲಿ ಅಲ್ಲಿ ಆದ ಭೂಕಂಪ ಭುಜ್‌ಗಿಂತ ಬಹಳ ಚಿಕ್ಕದು, ಹೆದರಿಸಲು ಹೇಳುತ್ತಿಲ್ಲ.

ಪಾರ್ಕಿಂಗಿಗೆ ಟೇಪ್ ಹಿಡಿದು ಇಳಿಯಿರಿ. ಕಂಬದ ಅಗಲ ಒಂಬತ್ತು ಇಂಚೇ ಇದ್ದರೆ ಬರೆದುಕೊಳ್ಳಿ. (ಗೋಡೆಯಿಂದ ಕಂಬ ಹೊರಗೆ ಕಾಣಬಾರದು ಅನ್ನುವ ನಮ್ಮವರ ಹಟ ಇದು, ಕಂಬ-ಸರಳುಗಳ ಮಾನದಂಡ ಐಎಸ್ 13920 2016ರಲ್ಲಿ ಕೇಳಿದ್ದು ಕನಿಷ್ಠ 300 ಮಿಲಿಮೀಟರ್, ಸುಮಾರು ಹನ್ನೆರಡು ಇಂಚು.) ಕಂಬದ ಬುಡದಲ್ಲಿ ಕಾಂಕ್ರೀಟ್ ಒಡೆದು ತುಕ್ಕು ಕಾಣುತ್ತಿದೆಯಾ? ಲಿಫ್ಟ್ ಗೋಡೆ ಒಂದೇ ಮೂಲೆಯಲ್ಲಿದ್ದರೆ ಕಟ್ಟಡ ತಿರುಚುತ್ತದೆ. ಆಮೇಲೆ ಬಿಲ್ಡರ್ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ. ಕಂಬದ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗ್ ಸರಳಿನ ತುದಿ 135 ಡಿಗ್ರಿ ಒಳಕ್ಕೆ ಬಾಗಿರಬೇಕು. 90ಕ್ಕೇ ಬಿಟ್ಟಿದ್ದರೆ ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ರಿಂಗ್ ಬಿಚ್ಚಿಕೊಳ್ಳುತ್ತದೆ. 2002ರ ಐಎಸ್ 1893ರಲ್ಲಿ ಇಂಥ ಬರಿಗಂಬದ ಅಂತಸ್ತಿನ ಕಂಬಗಳಿಗೆ 2.5 ಪಟ್ಟು ಬಲ ಲೆಕ್ಕ ಹಾಕಬೇಕಿತ್ತು, ಹಾಕಿದ್ದಾರಾ ಕೇಳಿ.

ಸಪ್ತಾಪುರ ಅಕ್ಕ:
2019ರ ಮಾರ್ಚ್‌ನಾಗ ಇಲ್ಲೇ ಕುಮಾರೇಶ್ವರ ನಗರದಾಗ ಕಟ್ಟಡ ಬಿತ್ತಲ್ಲ, ಅವತ್ತು ಯಾವ ಭೂಕಂಪನೂ ಆಗಿದ್ದಿಲ್ಲ. ಮ್ಯಾಲ ಆಮ್ಯಾಲ ಎಷ್ಟು ಏರಿಸ್ಯಾರ ಅದನ್ನೂ ನೋಡ್ರಿ. ನಮ್ಮ ಓಣ್ಯಾಗ ಟೆರೇಸ್ ಮ್ಯಾಲ ಇನ್ನೊಂದು ಮನೀನ ಕಟ್ಯಾರ.

ಮಾಳಮಡ್ಡಿಯಾಂವ:
ಎರಡು ಕಂಬದ ನಡುವ ಒಂದು ಗ್ವಾಡಿ ಏರಿಸಿಬಿಟ್ರ ಆತಲ್ರಿ? ವಾಚ್‌ಮನ್‌ಗ ಖೋಲಿನೂ ಆಗತೈತಿ.

ಹಳೇ ಸೈಟ್ ಇಂಜಿನಿಯರ್:
ಬೇಡ ಮಾರಾಯರೇ! ಒಂದೇ ಕಡೆ ಗೋಡೆ ಏರಿಸಿದರೆ ಕಟ್ಟಡ ಅದರ ಸುತ್ತ ತಿರುಚುತ್ತದೆ. ಅರ್ಧ ಎತ್ತರದ್ದು ಇನ್ನೂ ಕೆಟ್ಟದ್ದು, ಗೋಡೆ ಮುಗಿದ ಮೇಲಿನ ಗಿಡ್ಡ ಕಂಬ ಕತ್ತರಿಸಿದಂತೆ ಒಡೆಯುತ್ತದೆ. ಗೋಡೆ ಹಾಕುವುದೇ ಆದರೆ ಎರಡೂ ದಿಕ್ಕಿಗೆ, ಎದುರುಬದುರು, ತಳಪಾಯದಿಂದ ಎಬ್ಬಿಸಬೇಕು. ಇಲ್ಲವೇ ಕಂಬಗಳಿಗೆ ಜಾಕೆಟಿಂಗ್, ಅಂದರೆ ಸುತ್ತ ಹೊಸ ಸರಳು-ಕಾಂಕ್ರೀಟಿನ ಕವಚ. ಯಾವುದು ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಿಕೊಡಲಿ. ಅದಕ್ಕೆ ಮುಂಚೆ ರಿಬೌಂಡ್ ಹ್ಯಾಮರ್ (ಕಾಂಕ್ರೀಟಿನ ಗಟ್ಟಿತನ ನೋಡಲು), ಕವರ್ ಮೀಟರ್ (ಒಳಗಿನ ಸರಳು ಎಲ್ಲಿದೆ, ಎಷ್ಟು ಆಳದಲ್ಲಿದೆ ನೋಡಲು) ಪರೀಕ್ಷೆ ಮಾಡಿಸಿ, ಪಾರ್ಕಿಂಗಿನ ಎಲ್ಲ ಕಂಬಗಳಿಗೂ. ಚೆನ್ನಾಗಿ ಕಾಣುವ ನಾಲ್ಕನ್ನು ಮಾತ್ರ ನೋಡಿ ಹೋಗುವವರೂ ಇರುತ್ತಾರೆ. ನೀವು ಜೊತೆಗೇ ನಿಂತಿರಿ.