ಊಟ ಆದ ಮೇಲೆ ಅಮ್ಮನಿಗೆ ಓಕರಿಕೆ, ಏನು ಕಾರಣ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಅಮ್ಮನಿಗೆ 58 ವರ್ಷ, ಶುಗರ್ ಬಂದು ಹತ್ತು ವರ್ಷ ದಾಟಿದೆ. ಈಚೆಗೆ ಉಂಡು ಕೈ ತೊಳೆಯುವಷ್ಟರಲ್ಲಿ ಹೊಟ್ಟೆ ತೊಳೆಸುತ್ತದೆ ಅನ್ನುತ್ತಾರೆ. ಪಿತ್ತ ಜಾಸ್ತಿ ಆಗಿದೆ ಅಂತ ಜೀರಿಗೆ ಕಷಾಯ ಕೊಟ್ಟೆವು. ಗ್ಯಾಸ್ ಮಾತ್ರೆಯೂ ನಡೆಯುತ್ತಿದೆ. ಕಡಿಮೆ ಆಗಿಲ್ಲ.

ವೈದ್ಯರ ಉತ್ತರ: ಗ್ಯಾಸ್ ಮಾತ್ರೆಯನ್ನು ಸುಮ್ನೆ ಮುಂದುವರಿಸಬೇಡಿ, ಮೊದಲು ಕಾರಣ ಹುಡುಕೋಣ. ಶುಗರ್ ಮಾತ್ರೆ ಬದಲಾಗಿದೆಯಾ? ಮೆಟ್‌ಫಾರ್ಮಿನ್ ಹೊಸದಾಗಿ ಶುರುವಾದಾಗ ಅಥವಾ ಡೋಸ್ ಏರಿದಾಗ ಓಕರಿಕೆ, ಭೇದಿ ಆಗುವುದು ಸಾಮಾನ್ಯ. ಮಂಡಿನೋವಿಗೆ ನುಂಗುವ ಮಾತ್ರೆಗಳೂ ಜಠರದ ಒಳಪದರವನ್ನು ಕೆಡಿಸುತ್ತವೆ.

ಜಿಡ್ಡಿನ ಊಟದ ನಂತರ ಬಲಪಕ್ಕೆಯ ಕೆಳಗೆ ನೋವು ಬಂದು ಬೆನ್ನಿಗೋ ಬಲಭುಜಕ್ಕೋ ಹರಡಿದರೆ ಪಿತ್ತಕೋಶದ ಕಲ್ಲು ಇರಬಹುದು. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ, ಗಂಟೆಗಟ್ಟಲೆ ಭಾರ ಅನ್ನಿಸಿದರೆ ನನ್ನ ಅನುಮಾನ ಬೇರೆ. ಹಳೆಯ ಶುಗರ್ ಜಠರದ ನರಗಳಿಗೆ ಪೆಟ್ಟು ಕೊಡುತ್ತದೆ, ಆಗ ತಿಂದದ್ದು ಕರುಳಿಗೆ ಇಳಿಯುವುದು ನಿಧಾನವಾಗುತ್ತದೆ. ಇದೇ ಗ್ಯಾಸ್ಟ್ರೋಪರೇಸಿಸ್. ಇಂಥವರು ಸ್ವಲ್ಪಸ್ವಲ್ಪವಾಗಿ, ಹಲವು ಸಲ ತಿನ್ನಬೇಕು, ಎಣ್ಣೆ ಕಡಿಮೆ ಮಾಡಬೇಕು.

ಪ್ರಶ್ನೆ ಕೇಳಿದವರು: ಮೆಟ್‌ಫಾರ್ಮಿನ್ 500 ಇದ್ದದ್ದು ಹೋದ ತಿಂಗಳು 1000 ಆಯಿತು. ಖಾಲಿ ಹೊಟ್ಟೆಯಲ್ಲಿ ನುಂಗುತ್ತಾರೆ. ನಿಲ್ಲಿಸಿಬಿಡಲಾ?

ವೈದ್ಯರ ಉತ್ತರ: ನೀವಾಗಿ ನಿಲ್ಲಿಸಬೇಡಿ. ನನ್ನ ಮೊದಲ ಅನುಮಾನ ಇದರ ಮೇಲೆಯೇ. ಊಟದ ಜೊತೆ ಅಥವಾ ಊಟ ಆದ ಕೂಡಲೇ ಕೊಡಿ. ಬರೆದುಕೊಟ್ಟ ವೈದ್ಯರಿಗೆ ಈ ವಾರವೇ ತಿಳಿಸಿ. ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ ಇದೆ, ಹಲವರಿಗೆ ಅದು ಒಗ್ಗುತ್ತದೆ. ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಕೇಳಿ. ವಾಂತಿ ಹೆಚ್ಚಾಗಿ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದನ್ನು ಮನೆಯವರೆಲ್ಲ ನೆನಪಿಡಿ: ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಓಕರಿಕೆಯ ಜೊತೆ ತಣ್ಣನೆಯ ಬೆವರು, ಏದುಸಿರು, ದವಡೆ ಅಥವಾ ತೋಳಿನಲ್ಲಿ ನೋವು ಕಂಡರೆ ಗ್ಯಾಸ್ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ವಾಂತಿಯಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ ಕಂಡರೂ ತಡ ಮಾಡಬಾರದು.

ಇನ್ನೊಬ್ಬ ಸದಸ್ಯರು: ಸರ್, ನನ್ನ ಹೆಂಡತಿಗೂ ಊಟ ಕಂಡರೆ ವಾಕರಿಕೆ. 26 ವರ್ಷ, ಯಾವ ಕಾಯಿಲೆಯೂ ಇಲ್ಲ.

ವೈದ್ಯರ ಉತ್ತರ: ಮುಟ್ಟು ತಪ್ಪಿದೆಯಾ ಕೇಳಿ. ತಪ್ಪಿದ್ದರೆ ಮೆಡಿಕಲ್ ಅಂಗಡಿಯ ಕಿಟ್ ತಂದು ಪರೀಕ್ಷೆ ಮಾಡಿಕೊಳ್ಳಲಿ. ಅಲ್ಲಿಯವರೆಗೆ ಯಾವ ಮಾತ್ರೆಯನ್ನೂ ನೀವಾಗಿ ಕೊಡಬೇಡಿ. ಗರ್ಭಿಣಿ ಅಲ್ಲ ಅಂತಾದರೆ ಮೂತ್ರ, ಕಣ್ಣು ಹಳದಿ ಆಗಿದೆಯಾ ನೋಡಿ. ಕಾಮಾಲೆ ಶುರುವಾಗುವಾಗಲೂ ಊಟ ಸೇರುವುದಿಲ್ಲ.