ದೋಣಿ ತಂಗುವ ಜಾಗಕ್ಕೆ ‘ಮರೆ’ ಅನ್ನಬಹುದೇ?

ಗೆಳೆಯರೆ,

ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ ಹಾಯಿದೋಣಿ ಹೂಡಿಕೊಂಡು ಸುತ್ತಿದವರೊಬ್ಬರ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಿಲಿಯ ತೆಂಕಣ ಕರಾವಳಿ, ಬೀಗಲ್ ಕಾಲುವೆ ಎಂಬ ಇಕ್ಕಟ್ಟಾದ ಕಡಲದಾರಿಯ ಆಸುಪಾಸು. ಬಹುಪಾಲು ಕಡೆ ಊರಿಲ್ಲ, ದೀಪವಿಲ್ಲ, ಬರೀ ಬೆಟ್ಟ, ಕಾಡು, ನೀರು. ಅದರಲ್ಲಿ ಪುಟಪುಟಕ್ಕೂ ಒಂದು ಸ್ಪಾನಿಷ್ ಮಾತು ಬರುತ್ತದೆ: ‘ಕಲೇತಾ’. ದಡ ಸ್ವಲ್ಪ ಒಳಕ್ಕೆ ಬಾಗಿ, ಸಣ್ಣ ದೋಣಿಗೆ ರಾತ್ರಿ ಕಳೆಯಲು ಎಡೆ ಮಾಡಿಕೊಟ್ಟ ಜಾಗ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ.

‘ಬಂದರು’ ಹೊಂದುವುದಿಲ್ಲ. ಬಂದರು ಅಂದ ಕೂಡಲೇ ಕ್ರೇನು, ಲಾರಿ, ಐಸು, ಜನ ಎಲ್ಲಾ ಕಣ್ಣಿಗೆ ಬರುತ್ತದೆ. ‘ಕೊಲ್ಲಿ’ ತೀರಾ ದೊಡ್ಡದು, ಬಂಗಾಳ ಕೊಲ್ಲಿಯಂಥದ್ದಕ್ಕೆ ಸರಿ. ‘ಧಕ್ಕೆ’ ಅಂದರೆ ದೋಣಿ ಬಂದು ನಿಲ್ಲಲೆಂದೇ ಜನ ಕಟ್ಟಿದ ಕಟ್ಟೆ. (ಈ ಪದ ನನಗೆ ತುಂಬಾ ಇಷ್ಟ. ಮಂಗಳೂರಲ್ಲಿ ಧಕ್ಕೆಗೆ ಹೋಗಿ ಮೀನು ತರುತ್ತಾರೆ, ಉಳಿದ ಕಡೆ ಮರ್ಯಾದೆಗೆ ಧಕ್ಕೆ ಬರುತ್ತದೆ. ಮುಂಬಯಿಯ ಭಾವುಚಾ ಧಕ್ಕಾದಲ್ಲಿರುವುದೂ ಇದೇ ಪದ.) ‘ರೇವು’ ಹತ್ತಿರ ಬರುತ್ತದೆ, ಆದರೆ ಅಲ್ಲಿ ಜನ ಹತ್ತಿ ಇಳಿಯುವ ಮಾತು ಮುಂದಿದೆ. ದೋಣಿ ಸುಮ್ನೆ ಗಾಳಿ ತಪ್ಪಿಸಿಕೊಂಡು ನಿಲ್ಲುವ ಮಾತು ಇಲ್ಲ.

ಆ ಕಡಲಲ್ಲಿ ಜಾಗ ಹುಡುಕುವ ರೀತಿ ಹೇಳಿದರೆ ನನ್ನ ತೊಡಕು ತಿಳಿದೀತು. ಬೆಟ್ಟದ ತಲೆಯಿಂದ ಗಾಳಿ ಇದ್ದಕ್ಕಿದ್ದಂತೆ ನೀರಿನ ಮೇಲೆ ಬಂದು ಬೀಳುತ್ತದೆ. ಹಾಗಾಗಿ ದೋಣಿಯವರು ಮೊದಲು ನೋಡುವುದು ದಡದ ಮರಗಳನ್ನು. ಮರ ಕುಳ್ಳಗಾಗಿ ಒಂದೇ ಕಡೆಗೆ ವಾಲಿದ್ದರೆ ಮುಂದಕ್ಕೆ ಹೋಗುತ್ತಾರೆ. ನೆಟ್ಟಗೆ, ಎತ್ತರಕ್ಕೆ ಬೆಳೆದಿದ್ದರೆ ಅಲ್ಲಿಗೆ ಗಾಳಿ ತಾಕುವುದಿಲ್ಲ ಅಂತ ಲೆಕ್ಕ. ಆಮೇಲೆ ಲಂಗರು ಬಿಟ್ಟು, ಹಿಂಬದಿ ದಡಕ್ಕೆ ಬರುವಂತೆ ದೋಣಿಯನ್ನು ಹಿಂದಕ್ಕೆ ತರುತ್ತಾರೆ. ಒಬ್ಬರು ಪುಟ್ಟ ದೋಣಿಯಲ್ಲಿ ಹಗ್ಗ ಹಿಡಿದು ದಡಕ್ಕೆ ಹುಟ್ಟು ಹಾಕಿ, ಮರದ ಬುಡಕ್ಕೆ ಸುತ್ತಿ ಕಟ್ಟಿ ಬರುತ್ತಾರೆ. ಗಾಳಿ ಜಾಸ್ತಿ ಇದ್ದರೆ ಇಂಥ ನಾಲ್ಕು ಹಗ್ಗ. ಲಂಗರೊಂದನ್ನೇ ನಂಬಿದರೆ ದೋಣಿ ಅದರ ಸುತ್ತ ತಿರುಗಲು ಜಾಗ ಬೇಕು, ಇಕ್ಕಟ್ಟಿನಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಹೆಸರಾದ ಒಂದು ಜಾಗ ಕಲೇತಾ ಓಯಾ. ‘ಓಯಾ’ ಅಂದರೆ ಅಡುಗೆ ಮಾಡುವ ಪಾತ್ರೆ!

ಎರಡನೇ ತೊಡಕು ಈ ಲಂಗರು, ಹಗ್ಗದ್ದು. ನಮ್ಮ ಪತ್ರಿಕೆಗಳಲ್ಲಿ ಎಲ್ಲದಕ್ಕೂ ‘ಲಂಗರು ಹಾಕಿವೆ’ ಅಂತಲೇ ಬರೆಯುತ್ತಾರೆ. ಚಂಡಮಾರುತ ಎದ್ದಾಗ ಬೇರೆ ರಾಜ್ಯದ ಬೋಟುಗಳು ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿಗೆ ಬರುತ್ತವಲ್ಲ, ಆಗಲೂ ಅದೇ. ಒಂದಕ್ಕೊಂದು ಹಗ್ಗ ಬಿಗಿದು ಸಾಲಾಗಿ ನಿಂತ ಬೋಟು ಲಂಗರು ಹಾಕಿದ್ದಲ್ಲ, ಕಟ್ಟಿದ್ದು. ಲಂಗರು ತಳದ ನೆಲವನ್ನು ಹಿಡಿಯುತ್ತದೆ, ಹಗ್ಗ ದಡವನ್ನು ಹಿಡಿಯುತ್ತದೆ. ಈ ಬರಹದಲ್ಲಿ ಎರಡೂ ಒಟ್ಟಿಗೆ ಬರುವುದರಿಂದ ‘ಲಂಗರು ಬಿಡು’, ‘ದೋಣಿ ಕಟ್ಟು’ ಅಂತ ಬೇರೆಬೇರೆ ಬಳಸುತ್ತಿದ್ದೇನೆ.

ಲಂಗರು ತಳದಲ್ಲಿ ಗಟ್ಟಿಯಾಗಿ ಕೂತದ್ದಕ್ಕೆ ಮೊದಲು ‘ನೆಲ ಕಚ್ಚಿತು’ ಅಂತ ಬರೆದಿದ್ದೆ. ಓದಿದ ತಂಗಿ ‘ಅಯ್ಯೋ, ಮುಳುಗೇ ಹೋಯ್ತಾ?’ ಅಂದಳು. ಬೆಳೆ ನೆಲಕಚ್ಚುತ್ತದೆ, ಸಿನಿಮಾ ನೆಲಕಚ್ಚುತ್ತದೆ, ನಮ್ಮ ಕಿವಿಗೆ ಅದು ಸೋಲಿನ ಮಾತು. ಲಂಗರಿಗೆ ಮಾತ್ರ ಅದೇ ಗೆಲುವು. ಈಗ ‘ಲಂಗರು ಕಚ್ಚಿತು’ ಅಂತ ಮಾಡಿದ್ದೇನೆ.

ಹೋದ ತಿಂಗಳು ಗಂಗೊಳ್ಳಿಗೆ ಹೋಗಿದ್ದೆ. ಹೊಳೆಬದಿಯಲ್ಲಿ ಹಿರಿಯರೊಬ್ಬರು ತೆಂಗಿನ ಬುಡಕ್ಕೆ ದೋಣಿಯ ಹಗ್ಗ ಸುತ್ತುತ್ತಿದ್ದರು. ಉಬ್ಬರಕ್ಕೆ ದೋಣಿ ಏರಬೇಕಲ್ಲ, ಅದಕ್ಕೆ ಹಗ್ಗ ಒಂದಷ್ಟು ಸಡಿಲ ಬಿಟ್ಟಿದ್ದರು. ಇಂಥ ಜಾಗಕ್ಕೆ ಏನು ಹೆಸರು ಅಂತ ಕೇಳಿದೆ. ‘ಎಂತ ಹೆಸ್ರು ಮರಾಯ್ರೆ, ದೋಣಿ ಕಟ್ಟು ಜಾಗ, ಅಷ್ಟೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು ಎದುರಿನ ದಿಬ್ಬ ತೋರಿಸಿ, ಅದರ ಮರೆ ಇರುವುದರಿಂದ ಇಲ್ಲಿ ಗಾಳಿ ಹೊಡೆಯುವುದಿಲ್ಲ ಅಂದರು.

ಆ ‘ಮರೆ’ ನನ್ನ ಕಿವಿಯಲ್ಲೇ ಉಳಿಯಿತು. ಮಳೆ ಬಂದಾಗ ಗೋಡೆಯ ಮರೆಗೆ ನಿಲ್ಲುತ್ತೇವೆ. ಹಳೆಯ ಕನ್ನಡದಲ್ಲಿ ‘ಮರೆಹೊಗು’ ಅಂದರೆ ಆಸರೆ ಬೇಡಿ ಬರುವುದು, ಮರೆಹೊಕ್ಕವರನ್ನು ಕಾಯುವುದು ದೊಡ್ಡ ಗುಣ. ದೋಣಿ ಮಾಡುವುದೂ ಅದನ್ನೇ ಅಲ್ವಾ? ಹಾಗಾಗಿ ಕಲೇತಾಕ್ಕೆ ‘ದೋಣಿಮರೆ’ ಅಂತ ಇಟ್ಟಿದ್ದೇನೆ. ‘ಕತ್ತಲಾಗುವ ಮುಂಚೆ ಒಂದು ದೋಣಿಮರೆ ಸಿಕ್ಕಿತು. ಲಂಗರು ಎರಡನೇ ಸಲಕ್ಕೆ ಕಚ್ಚಿತು.’ ನನ್ನ ಕಿವಿಗೆ ಇದು ಒಪ್ಪುತ್ತದೆ. ‘ಮರೆತುಹೋಗು’ ಎಂಬುದರ ನೆನಪು ಅಡ್ಡ ಬರುತ್ತದೆ ಎಂದು ಒಬ್ಬ ಗೆಳೆಯರು ಹೇಳಿದರು, ನನಗೆ ಹಾಗನ್ನಿಸಲಿಲ್ಲ. ನಿಮಗೆ?

ಇನ್ನೊಂದು ಪದ ಬಾಕಿ ಇದೆ. ಕಚ್ಚಿದ ಲಂಗರು ರಾತ್ರಿ ಗಾಳಿಗೆ ಹಿಡಿತ ಬಿಟ್ಟು, ದೋಣಿಯ ಜೊತೆ ತಳದಲ್ಲಿ ಉಜ್ಜಿಕೊಂಡು ಸರಿಯುತ್ತದಲ್ಲ, ಅದಕ್ಕೆ ‘ಜಾರಿತು’ ಅಂದರೆ ಸಪ್ಪೆ, ‘ಕಿತ್ತಿತು’ ಅಂದರೆ ಪೂರ್ತಿ ಮೇಲೆ ಬಂದಂತೆ. ಉಳ್ಳಾಲ, ಮಲ್ಪೆ, ಭಟ್ಕಳ, ಹೊನ್ನಾವರ, ತದಡಿ ಕಡೆಯವರು ಯಾರಾದರೂ ಇದ್ದರೆ, ಮನೆಯಲ್ಲಿ ಬೋಟಿಗೆ ಹೋಗುವವರನ್ನು ಕೇಳಿ, ಅವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದು ಕಳಿಸಿ. ತುಳು, ಕೊಂಕಣಿಯಲ್ಲಿದ್ದರೂ ಸರಿ.