ಆಸ್ಪತ್ರೆಗೆ ಸೇರಿಸುವ ಮುಂಚೆ, ಮನೆಗೆ ಕರೆತಂದ ಮೇಲೆ: ತಿಳಿದವರು ಹೇಳಿ

ಗೋಣಿಕೊಪ್ಪದಿಂದ ಪ್ರಶ್ನೆ: ಅಣ್ಣನಿಗೆ ಮೂವತ್ತನಾಲ್ಕು ವರ್ಷ. ನಿದ್ದೆ ಬಿಟ್ಟಿದ್ದಾನೆ, ಯಾರೋ ಹಿಂಬಾಲಿಸುತ್ತಾರೆ ಅನ್ನುತ್ತಾನೆ. ಸೋಮವಾರ ಮೈಸೂರಿನಲ್ಲಿ ಮನೋರೋಗ ವಾರ್ಡಿಗೆ ಸೇರಿಸಬೇಕು, ಮನೆಯವರೊಬ್ಬರು ಜೊತೆಗಿರಬೇಕಂತೆ. ಏನು ತಯಾರಿ ಮಾಡಿಕೊಳ್ಳಲಿ? ಸಹಿ ಹಾಕುವಾಗ ಏನು ನೋಡಲಿ? ವಾಪಸ್ ಬಂದ ಮೇಲೆ ಹೇಗೆ?

ವಿರಾಜಪೇಟೆಯಿಂದ: ಮೊದಲು ಸಹಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ದೊಡ್ಡವರನ್ನು ಸೇರಿಸಿಕೊಳ್ಳಲು ಮುಖ್ಯವಾಗಿ ಎರಡು ದಾರಿ. ಅಣ್ಣನೇ ಒಪ್ಪಿ ಸಹಿ ಹಾಕಿದರೆ 86ನೇ ಸೆಕ್ಷನ್. ಆಮೇಲೆ ಹೋಗ್ತೀನಿ ಅಂದರೆ ಬಿಡಬೇಕು. ಅಪಾಯ ಕಂಡರೆ 24 ಗಂಟೆ ತಡೆದು ಪರೀಕ್ಷಿಸಬಹುದು, ಅಷ್ಟೇ. "ಅವನನ್ನು ಯಾಕೆ ಬಿಟ್ರಿ" ಅಂತ ವಾರ್ಡಿನಲ್ಲಿ ಜಗಳವಾಗೋದು ಇದು ಗೊತ್ತಿಲ್ಲದೆ. ತೀರ್ಮಾನ ತೆಗೆದುಕೊಳ್ಳುವ ಸ್ಥಿತಿ ಅವನಿಗೆ ಇಲ್ಲದಿದ್ದರೆ 89ನೇ ಸೆಕ್ಷನ್. ಇದಕ್ಕೆ ಅವನ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಅವನ ಪರವಾಗಿ ನಿಲ್ಲುವವರು, ಅರ್ಜಿ ಕೊಡಬೇಕು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಇದು 30 ದಿನದವರೆಗೆ ಮಾತ್ರ. ಮುಂದುವರಿಸಬೇಕಾದರೆ ಮತ್ತೆ ಪರೀಕ್ಷೆ, ಬೇರೆ ಸೆಕ್ಷನ್.

ಪ್ರತಿನಿಧಿ ಯಾರು ಅಂತ ಅಣ್ಣ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು, ಛಾಪಾ ಕಾಗದ ಬೇಡ. ಅವನು ನಂಬುವವರ ಹೆಸರೇ ಬರಲಿ. ಅಪ್ಪನ ಮೇಲೇ ಸಂಶಯ ಇದ್ದರೆ ಅಪ್ಪ ಬೇಡ.

ಕುಶಾಲನಗರದಿಂದ: "ತಲಕಾವೇರಿಗೆ ಹೋಗಿಬರೋಣ" ಅಂತ ಸುಳ್ಳು ಹೇಳಿ ಹತ್ತಿಸಬೇಡಿ. ಮೊದಲೇ ಸಂಶಯದಲ್ಲಿರುವವನಿಗೆ ಅದೊಂದೇ ಸಾಕ್ಷಿ ಸಾಕು, ಆಮೇಲೆ ನೀವು ಕೊಡುವ ಮಾತ್ರೆಯನ್ನೂ ನಂಬುವುದಿಲ್ಲ. "ನಿದ್ದೆ ಇಲ್ಲದೆ ಸೊರಗಿದ್ದೀಯಾ, ಡಾಕ್ಟರಿಗೆ ತೋರಿಸೋಣ" ಅನ್ನಿ, ಅದು ನಿಜವೇ. ಕಾರಿನಲ್ಲಿ ಹಿಂದಿನ ಸೀಟಿನ ಮಧ್ಯದಲ್ಲಿ ಅವನು, ಎರಡೂ ಬದಿಗೆ ಒಬ್ಬೊಬ್ಬರು, ಬಾಗಿಲಿಗೆ ಚೈಲ್ಡ್ ಲಾಕ್.

ಕುಡಿಯುವ ಅಭ್ಯಾಸ ಇದ್ದರೆ ಮರ್ಯಾದೆ ನೋಡದೆ ಲೆಕ್ಕ ಹೇಳಿ: ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯ ಸಲ ಎಷ್ಟು ಗಂಟೆಗೆ. ಮನೆ ವೈನೂ ಲೆಕ್ಕಕ್ಕೆ ಬರುತ್ತೆ. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು; ಎರಡು-ಮೂರನೇ ದಿನ ನಡುಕ, ಗಾಬರಿ, ಇಲ್ಲದ್ದು ಕಾಣುವುದು. ಡಾಕ್ಟರಿಗೆ ಕುಡಿತದ ವಿಷಯ ಗೊತ್ತಿಲ್ಲದಿದ್ದರೆ ಅದನ್ನೂ ಮೂಲ ಕಾಯಿಲೆಯ ಲೆಕ್ಕಕ್ಕೆ ಹಾಕಿಬಿಡುವ ಸಾಧ್ಯತೆ ಇದೆ.

ಸೋಮವಾರಪೇಟೆಯಿಂದ: ಬ್ಯಾಗಿಗೆ: ಲಾಡಿ ಬದಲು ಎಲಾಸ್ಟಿಕ್ ಪ್ಯಾಂಟ್ ನಾಲ್ಕು, ಸ್ಟೀಲ್ ಲೋಟ, ಹವಾಯಿ ಚಪ್ಪಲಿ, ಸ್ವೆಟರ್. ಬೆಲ್ಟ್, ಬ್ಲೇಡ್, ಲೈಟರ್, ಗಾಜಿನ ಬಾಟಲಿ ಗೇಟಿನಲ್ಲೇ ವಾಪಸ್, ಉಪ್ಪಿನಕಾಯಿ ಬಾಟಲಿ ಸೇರಿ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಮೂಲ ಮತ್ತು ಜೆರಾಕ್ಸ್. ಹಳೆಯ ಚೀಟಿಗಳೆಲ್ಲ ದಿನಾಂಕದ ಪ್ರಕಾರ ಒಂದು ಫೈಲಿನಲ್ಲಿ. ಜೊತೆಗಿರುವವರು ಇಬ್ಬರು ಸರದಿ ಮಾಡಿಕೊಳ್ಳಿ, ಒಬ್ಬರೇ ವಾರಗಟ್ಟಲೆ ಕೂತರೆ ರೋಗಿಗಿಂತ ಮೊದಲು ಅವರೇ ಮಲಗುತ್ತಾರೆ. ಸರದಿ ಬದಲಾಗುವುದು ಬೆಳಿಗ್ಗೆ ರೌಂಡ್ಸ್ ಆದ ಮೇಲೆ, ಡಾಕ್ಟರು ಹೇಳಿದ್ದನ್ನು ಬರೆದಿಟ್ಟು ದಾಟಿಸಿ.

ಮಡಿಕೇರಿಯಿಂದ: ಬಿಡುಗಡೆ ದಿನದ ಗಡಿಬಿಡಿಯಲ್ಲಿ ಕೇಳಲು ಮರೆಯುವುದು ಇವು. ಔಷಧಿಯ ಹೆಸರು ಬ್ರ್ಯಾಂಡ್ ಅಲ್ಲದೆ ಮೂಲ ಹೆಸರಲ್ಲೂ ಬರೆಸಿಕೊಳ್ಳಿ. ಮೈಸೂರಿನ ಬ್ರ್ಯಾಂಡ್ ಗೋಣಿಕೊಪ್ಪದ ಅಂಗಡಿಯಲ್ಲಿ ಸಿಗದೇ ಹೋಗಬಹುದು. ಲಿಥಿಯಂ (ಮನಸ್ಸಿನ ಏರಿಳಿತ ತಡೆಯುವ ಔಷಧಿ) ಕೊಟ್ಟಿದ್ದರೆ, ರಕ್ತದಲ್ಲಿ ಅದರ ಮಟ್ಟ ನೋಡುವ ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ. ಬೆಳಗಿನ ಮಾತ್ರೆ ನುಂಗಿ ಹೋದರೆ ಅಂಕಿ ಸುಳ್ಳೇ ಹೆಚ್ಚಾಗಿ ಬರುತ್ತೆ. ವಾಂತಿಭೇದಿ ಆದರೆ, ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು ಕಂಡರೆ ಅಂದೇ ಆಸ್ಪತ್ರೆಗೆ. ಕ್ಲೋಜಪಿನ್ (ಭ್ರಮೆ, ಸಂಶಯಕ್ಕೆ ಕೊಡುವ ಔಷಧಿ) ಆದರೆ ಬಿಳಿ ರಕ್ತಕಣ ಇಳಿಯಬಹುದು, ಅದಕ್ಕೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಜ್ವರ, ಗಂಟಲು ನೋವು ಬಂದರೆ ಕಾಯಬೇಡಿ. ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣದಲ್ಲೇ ಮತ್ತೆ ಶುರು ಮಾಡುವಂತಿಲ್ಲ, ಸಣ್ಣ ಪ್ರಮಾಣದಿಂದ ಏರಿಸಬೇಕು.

ಮಳೆಗಾಲದಲ್ಲಿ ಹತ್ತು ದಿನದ ಔಷಧಿ ಹೆಚ್ಚಿಗೆ ಇರಲಿ, ಬೀಗದೊಳಗೆ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ನಾಪೋಕ್ಲಿನಿಂದ: ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ಕೋವಿ. ಬಿಡುಗಡೆಯಾದ ಮೊದಲ ಕೆಲವು ವಾರಗಳೇ ಆತ್ಮಹತ್ಯೆಯ ಅಪಾಯ ಹೆಚ್ಚಿರುವ ಕಾಲ. "ಅವನು ಅಂಥವನಲ್ಲ" ಅನ್ನೋದು ಬೇಡ. ಅವನು ಬರುವ ಮುಂಚೆಯೇ ಕೋವಿ ಮನೆಯಿಂದ ಹೊರಗೆ ಹೋಗಿರಬೇಕು. ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಕೇಳಿ ಠೇವಣಿ ಇಟ್ಟು ರಸೀದಿ ತೆಗೆದುಕೊಳ್ಳಿ. ತೋಟಾನೂ ಅದರ ಜೊತೆ. ಅಟ್ಟದಲ್ಲಿ ಬಚ್ಚಿಡುವುದು ಲೆಕ್ಕಕ್ಕಿಲ್ಲ, ಆ ಅಟ್ಟ ಅವನಿಗೂ ಗೊತ್ತು. ಕೈಲ್ ಮುಹೂರ್ತಕ್ಕೆ (ನಮ್ಮ ಕೊಡಗಿನ ಆಯುಧಪೂಜೆ), ಪುತ್ತರಿಗೆ (ಸುಗ್ಗಿ ಹಬ್ಬ) ಪೂಜೆಗಷ್ಟೇ ಅಂತ ವಾಪಸ್ ತರುವುದೇ ದೊಡ್ಡ ಎಡವಟ್ಟು. ಈ ವರ್ಷ ಕುಟುಂಬದ ಬೇರೆ ಮನೆಯಲ್ಲಿ ಪೂಜೆ ಆಗಲಿ. ತೋಟದ ಸ್ಟೋರಿನ ಕಳೆನಾಶಕವೂ ಹಾಗೇ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ.

ಗೋಣಿಕೊಪ್ಪದಿಂದ: ಎಲ್ಲರಿಗೂ ಥ್ಯಾಂಕ್ಸ್. ಮಾತ್ರೆ ಬೇಡ ಅಂದರೆ ಕಾಫಿಯಲ್ಲಿ ಪುಡಿಮಾಡಿ ಬೆರೆಸಬಹುದಾ? ಅತ್ತೆ ಹಾಗೇ ಹೇಳುತ್ತಾರೆ.

ಮಡಿಕೇರಿಯಿಂದ: ಬೇಡ. ಲಿಥಿಯಂ ಎಸ್‌ಆರ್ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆ, ಪುಡಿ ಮಾಡಿದರೆ ಇಡೀ ಡೋಸ್ ಒಟ್ಟಿಗೆ ಇಳಿಯುತ್ತದೆ. ಒಂದು ದಿನ ಅವನಿಗೆ ರುಚಿ ಗೊತ್ತಾದರೆ ಊಟವನ್ನೇ ಬಿಡುತ್ತಾನೆ. ಯಾಕೆ ಬೇಡ ಅಂತ ಕೇಳಿ. ಬಹಳ ಸಲ ತೂಕಡಿಕೆಯೋ ಕೈಕಾಲು ಬಿಗಿತವೋ ಇರುತ್ತೆ, ಅದಕ್ಕೆ ಡೋಸ್ ಬದಲಿಸಬಹುದು. ಆಗಲೂ ಒಪ್ಪದಿದ್ದರೆ ಎರಡು-ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಡಾಕ್ಟರನ್ನು ಕೇಳಿ.

ಸೋಮವಾರಪೇಟೆಯಿಂದ: ಕೆಲಸಕ್ಕೆ ಮರಳುವ ಬಗ್ಗೆಯೂ ಕೇಳಿಕೊಳ್ಳಿ. ಈ ಔಷಧಿಗಳಲ್ಲಿ ಕೆಲವು, ಎದ್ದು ನಿಂತ ಕೂಡಲೇ ಬಿಪಿ ಇಳಿಸಿ ತಲೆ ತಿರುಗಿಸುತ್ತವೆ. ಮೆಣಸು ಕೊಯ್ಲಿನ ಬಿದಿರೇಣಿ ಹತ್ತುವುದು, ಕಳೆ ಕತ್ತರಿಸುವ ಯಂತ್ರ, ಜೀಪು, ಇವು ಡಾಕ್ಟರು ಹೂಂ ಅನ್ನುವವರೆಗೆ ಬೇಡ. ಕಣದಲ್ಲಿ ಕಾಫಿ ಹರವುವುದು, ಕೂಲಿ ಲೆಕ್ಕ ಬರೆಯುವುದು ಆದೀತು. ಬೆಳಿಗ್ಗೆ ಒಂದೆರಡು ಗಂಟೆಯಿಂದ ಶುರುಮಾಡಿ.